ತುಕ್ಕು ಹಿಡಿಯದ ಪೈಪು

ಕುಶಾಲನಗರದ ಬೈಪಾಸ್ ರಸ್ತೆಯಲ್ಲಿ, ಟೈರ್ ಅಂಗಡಿಗೂ ಶುಂಠಿ ತೊಳೆಯುವ ಶೆಡ್ಡಿಗೂ ನಡುವೆ ಶಿವಶಂಕರಪ್ಪನ ಸೈಲೆನ್ಸರ್ ಅಂಗಡಿ. ತಗಡಿನ ಮಾಡು, ಮೂರು ಕಡೆ ಇಟ್ಟಿಗೆ ಗೋಡೆ, ಎದುರಿಗೆ ಷಟರ್. ಗಾಡಿ ನಿಲ್ಲಿಸಿ ಅದರ ಅಡಿಗೆ ಇಳಿಯಲು ಒಂದು ಹೊಂಡ. ಕೊಡಗಿನಲ್ಲಿ ಬೇರೆ ಊರುಗಳಿಗಿಂತ ಬೇಗ ಸೈಲೆನ್ಸರ್ ಹಾಳಾಗುತ್ತದೆ. ಹೊರಗಿನಿಂದ ಮಳೆ ತಿನ್ನುತ್ತದೆ. ಒಳಗಿನಿಂದ ಹೊಗೆಯ ಜೊತೆ ಬರುವ ನೀರು ತಿನ್ನುತ್ತದೆ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಅಂತ ಹತ್ತಿರದಲ್ಲೇ ಓಡುವ ಗಾಡಿಗಳ ಪೈಪು ಸರಿಯಾಗಿ ಕಾಯುವುದೇ ಇಲ್ಲ. ಒಳಗಿನ ನೀರು ಆವಿಯಾಗದೆ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಶಿವಶಂಕರಪ್ಪನಿಗೆ ವರ್ಷವಿಡೀ ಕೆಲಸ.

ಅವನು ಶನಿವಾರಸಂತೆ ಕಡೆಯವನು. ಹರೆಯದಲ್ಲೇ ಮಡಿಕೇರಿಗೆ ಹೋಗಿ ಒಬ್ಬ ಮಲಯಾಳಿ ಮೇಸ್ತ್ರಿಯ ಕೈಕೆಳಗೆ ವೆಲ್ಡಿಂಗ್ ಕಲಿತ. ಮದುವೆಯಾದ ಮೇಲೆ ಕುಶಾಲನಗರಕ್ಕೆ ಬಂದು ಸ್ವಂತ ಅಂಗಡಿ ಹಾಕಿದ. ಹೆಂಡತಿ ಕಾಂತಮ್ಮ ಮನೆಯ ಹಿಂದೆ ಎರಡು ಹಸು ಸಾಕಿಕೊಂಡಿದ್ದಳು. ಅವಳ ತಮ್ಮ ನಿರಂಜನ್ ಮೈಸೂರಿನ ಗ್ಯಾರೇಜೊಂದನ್ನು ಬಿಟ್ಟು ಬಂದು ಭಾವನ ಜೊತೆ ಸೇರಿಕೊಂಡಿದ್ದ. ಹೆಂಡತಿ ಮಕ್ಕಳ ಸಮೇತ ಪಕ್ಕದ ಬೀದಿಯಲ್ಲೇ ಇದ್ದ. ಶಿವಶಂಕರಪ್ಪ ಹೆಚ್ಚು ಮಾತಿನವನಲ್ಲ. ಕೆಲಸ ಮುಗಿಸಿದ ಗಾಡಿಯ ಇಂಜಿನ್ ಚಾಲೂ ಮಾಡಿಸಿ, ಹಿಂದಿನ ಪೈಪಿನ ಬಾಯಿಗೆ ಬಟ್ಟೆ ಒತ್ತಿ ಹಿಡಿದು, ಎಲ್ಲಾದರೂ ಹೊಗೆ ಸೋರಿ ಬುಸ್ ಅನ್ನುವ ಸದ್ದು ಬರುತ್ತದೆಯೇ ಅಂತ ಕಿವಿಗೊಟ್ಟು ಕೇಳುತ್ತಿದ್ದ. ಬಾರದಿದ್ದರೆ ಗಾಡಿಯವನ ಕಡೆ ತಲೆಯಾಡಿಸುತ್ತಿದ್ದ, ಅಷ್ಟೇ.

ಅಮ್ಮತ್ತಿಯ ಬೋಜಪ್ಪ ತನ್ನ ಹಳೇ ಪೆಟ್ರೋಲ್ ವ್ಯಾನನ್ನು ಅಲ್ಲಿಗೆ ತಂದದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಅರೆಭಾಷೆ ಗೌಡರ ಪೈಕಿ. ಸ್ವಲ್ಪ ಕಾಫಿ ತೋಟ, ಅದರ ಜೊತೆಗೆ ಕೂಲಿ ಆಳುಗಳನ್ನು ಲೈನು ಮನೆಗಳಿಂದ ಬೇರೆಯವರ ಎಸ್ಟೇಟುಗಳಿಗೆ ಬಿಟ್ಟು ಬರುವ ಬಾಡಿಗೆ. ಜೊತೆಯಲ್ಲಿ ಹೆಂಡತಿ ತಂಗಮ್ಮ ಇದ್ದಳು. ಗಾಡಿ ಹೊಂಡದ ಮೇಲೆ ನಿಂತಾಗ ಆಕೆ ಬೆಂಚಿನಲ್ಲಿ ಕೂರದೆ ಗೋಡೆಗೆ ಒರಗಿಸಿಟ್ಟ ಪೈಪುಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದು ನೋಡತೊಡಗಿದಳು, ಪಾತ್ರೆ ಅಂಗಡಿಯಲ್ಲಿ ನೋಡುವ ಹಾಗೆ.

“ಇದೆಲ್ಲ ಒಂದೇ ಅಲ್ವಾ ಶಂಕರಣ್ಣ? ಎಂತ ವ್ಯತ್ಯಾಸ?” ಅಂದಳು.

ಗಿರಾಕಿಗಳ ಹೆಂಡತಿಯರು ಇಂಥದ್ದನ್ನು ಕೇಳುವುದು ಅಪರೂಪ. ಶಿವಶಂಕರಪ್ಪ ಹೊಂಡದಿಂದ ಮೇಲೆ ಬಂದು ಕೈ ಒರೆಸಿಕೊಂಡ.

“ಈ ಕಪ್ಪಗಿರೋದು ಎಂಎಸ್ ಅಂತ. ಬರೀ ಕಬ್ಬಿಣ ಅನ್ಕೊಳ್ಳಿ. ಬಗ್ಗಿಸೋಕೆ ಸುಲಭ, ಬೆಸುಗೆ ಚೆನ್ನಾಗಿ ಹಿಡೀತದೆ. ಆದ್ರೆ ತುಕ್ಕು ತಿಂದುಬಿಡ್ತದೆ. ಅದು ಎಸ್ಎಸ್, ಸ್ಟೀಲು. ನಿಮ್ಮನೆ ಲೋಟ ಇರ್ತದಲ್ಲ, ಹಂಗೆ. ಗಾಡಿ ಗುಜರಿಗೆ ಹೋದ್ರೂ ಪೈಪು ಇರ್ತದೆ.”

“ಆ ಮೂಲೆಯಲ್ಲಿರೋ ಬಿಳಿ ಬಿಳಿ?”

“ಅದು ಜಿಐ. ನೀರಿನ ಪೈಪು. ಅದನ್ನ ಸೈಲೆನ್ಸರಿಗೆ ಹಾಕಬಾರದು. ಮೇಲಿನ ಸತು ಸುಟ್ಟು ಹೋಗ್ತದೆ. ವೆಲ್ಡಿಂಗ್ ಮಾಡಿದವನಿಗೆ ಸಂಜೆ ಚಳಿಜ್ವರ ಬರ್ತದೆ. ಅದು ಗೇಟು ಮಾಡೋಕೆ ಇಟ್ಕೊಂಡಿರೋದು.”

ತಂಗಮ್ಮ ಗಂಡನ ಕಡೆ ತಿರುಗಿ, “ಹಾಗಾದ್ರೆ ಸ್ಟೀಲೇ ಹಾಕ್ಸಿ” ಅಂದಳು.

ಬೋಜಪ್ಪ ಒಪ್ಪಲಿಲ್ಲ. ಆ ವ್ಯಾನಿಗೆ ಬೇಕಾದ ಅಳತೆಯ ಸ್ಟೀಲ್ ಪೈಪು ಅಂಗಡಿಯಲ್ಲಿ ಇರಲಿಲ್ಲ, ಮೈಸೂರಿನಿಂದ ಬರಬೇಕಿತ್ತು. ಬೋಜಪ್ಪನಿಗೆ ಮಾರನೇ ದಿನವೇ ಬಾಡಿಗೆ. ಅಲ್ಲದೆ ಮಳೆಗಾಲ ಕಳೆದ ಮೇಲೆ ವ್ಯಾನನ್ನು ಮಾರಿ ಜೀಪು ತೆಗೆದುಕೊಳ್ಳುವ ಯೋಚನೆ ಅವನದು. “ಇದೊಂದು ಮಳೆಗಾಲ ತಡೆದ್ರೆ ಸಾಕು ಶಂಕರಣ್ಣ. ಕಪ್ಪು ಪೈಪೇ ಹಾಕಿಬಿಡಿ” ಅಂದ.

“ಒಂದು ಮಳೆಗಾಲಕ್ಕೇನೂ ತೊಂದರೆ ಇಲ್ಲ” ಅಂದ ಶಿವಶಂಕರಪ್ಪ. ಅದು ನಿಜವೂ ಆಗಿತ್ತು.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಹೋಗುವಾಗ ತಂಗಮ್ಮ ಚೀಲದಿಂದ ನಾಲ್ಕು ಬಟರ್‌ಫ್ರೂಟ್ ತೆಗೆದು ಬೆಂಚಿನ ಮೇಲಿಟ್ಟು, “ಹಣ್ಣಾಗೋಕೆ ಇನ್ನೆರಡು ದಿನ ಬೇಕು, ಅವಸರ ಮಾಡ್ಬೇಡಿ” ಅಂದು ನಕ್ಕಳು.

ಆ ವ್ಯಾನನ್ನು ಬೋಜಪ್ಪ ಮಾರಲಿಲ್ಲ. ಆ ವರ್ಷ ಜೀಪು ಕುದುರಲಿಲ್ಲ, ಮರುವರ್ಷ ಅವನ ಕಾಲಿಗೆ ಪೆಟ್ಟಾಗಿ ಆ ಮಾತೇ ಬರಲಿಲ್ಲ. ಓಡುವ ಗಾಡಿ, ಓಡುತ್ತಲೇ ಇತ್ತು. ಪೈಪು ಹಾಕಿಸಿದ ಮೇಲೆ ಮೂರನೇ ಮಳೆಗಾಲ ಬಂತು.

ಜುಲೈಯಲ್ಲಿ ತಂಗಮ್ಮನಿಗೆ ಜ್ವರ ಬಂತು. ಮೂರ್ನಾಲ್ಕು ದಿನ ಕಳೆದರೂ ಬಿಡಲಿಲ್ಲ. ಬೋಜಪ್ಪ ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಮಡಿಕೇರಿ ಆಸ್ಪತ್ರೆಗೆ ಹೊರಟ. ನೆಲ್ಲಿಹುದಿಕೇರಿ ದಾಟಿ ಚೆಟ್ಟಳ್ಳಿ ರಸ್ತೆಯಲ್ಲಿ ಹೋಗುವಾಗ ಎದುರಿಗೆ ಒಂದು ದೊಡ್ಡ ಮರ ಕರೆಂಟ್ ತಂತಿಯನ್ನೂ ಎಳೆದುಕೊಂಡು ರಸ್ತೆಗೆ ಅಡ್ಡ ಬಿದ್ದಿತ್ತು. ಆಗಲೇ ಮೂರ್ನಾಲ್ಕು ಗಾಡಿಗಳು ನಿಂತಿದ್ದವು. ಹಿಂದಕ್ಕೆ ಹೋಗೋಣವೆಂದರೆ ಅಲ್ಲೂ ಗಾಡಿಗಳು ಬಂದು ನಿಂತವು. ಯಾರೋ ಎಸ್ಟೇಟಿನಿಂದ ಮರ ಕೊಯ್ಯುವ ಮೆಷಿನ್ ತರಿಸಿದರು. ಆಳು ಸಾಲದು, ಕೊಂಬೆ ಎಳೆಯಲು ಬನ್ನಿ ಅಂತ ಕೂಗಿದರು.

ಬೋಜಪ್ಪನ ವ್ಯಾನಿನ ಬ್ಯಾಟರಿ ಸುಸ್ತಾಗಿತ್ತು. ಆ ಮಳೆಯಲ್ಲಿ ಇಂಜಿನ್ ನಿಲ್ಲಿಸಿದರೆ ಮತ್ತೆ ಚಾಲೂ ಆಗುತ್ತದೆ ಅನ್ನುವ ನಂಬಿಕೆ ಇರಲಿಲ್ಲ. ಇಂಜಿನ್ ಓಡುತ್ತಲೇ ಇರಲಿ ಅಂತ ಬಿಟ್ಟ. ಎರಚಲು ಒಳಗೆ ಬಾರದಂತೆ ಗಾಜುಗಳನ್ನೆಲ್ಲ ಸರಿಸಿ ಮುಚ್ಚಿದ. “ನೀ ಮಲ್ಕ, ನಾ ಈಗ ಬನ್ನೆ” ಅಂತ ಅರೆಭಾಷೆಯಲ್ಲಿ ಹೇಳಿದ. ಆಕೆ ಹೂಂಗುಟ್ಟಿದಳು.

ಮರ ಸರಿಸಿ ದಾರಿಯಾಗುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಬೋಜಪ್ಪ ಪೂರ್ತಿ ನೆನೆದು ವಾಪಸ್ ಬಂದು ಬಾಗಿಲು ತೆಗೆದಾಗ ಒಳಗೆ ಹೊಗೆಯ ವಾಸನೆ ಇತ್ತು. ನಿಂತ ಗಾಡಿಗಳದೆಲ್ಲ ಹೊಗೆ ಇದ್ದೇ ಇತ್ತು, ಅದೇ ಇರಬೇಕು ಅಂದುಕೊಂಡ. ತಂಗಮ್ಮನ ಮುಖ ಕೆಂಪಗಿತ್ತು. ಜ್ವರ ಏರಿದೆ ಅಂದುಕೊಂಡ. ಗಾಜುಗಳನ್ನು ಮುಚ್ಚಿಕೊಂಡೇ ಸ್ವಲ್ಪ ದೂರ ಓಡಿಸಿದ. ಅವನಿಗೂ ತಲೆ ತಿರುಗಿದಂತಾಗಿ ಪಕ್ಕಕ್ಕೆ ನಿಲ್ಲಿಸಿ ಹೊರಗೆ ಬಂದು ವಾಂತಿ ಮಾಡಿದ. ಆಮೇಲೆ ಹೆಂಡತಿಯ ಕೈ ಮುಟ್ಟಿ ನೋಡಿದ.

ಆಸ್ಪತ್ರೆಯಲ್ಲಿ ಪೋಸ್ಟ್‌ಮಾರ್ಟಂ ಆಯಿತು. ಇಂಜಿನ್ನಿನ ವಿಷಗಾಳಿ ಅಂದರು. ಪೊಲೀಸರು ಬಂದು ವ್ಯಾನಿನ ನೆಲಕ್ಕೆ ಹಾಸಿದ್ದ ರಬ್ಬರ್ ಮ್ಯಾಟ್ ಎತ್ತಿ ನೋಡಿದರು. ಹಿಂದಿನ ಸೀಟಿನ ಕೆಳಗೆ ತಗಡು ತೂತಾಗಿತ್ತು. ಅದರ ನೇರಕ್ಕೆ ಪೈಪು ಬಾಯಿ ಬಿಟ್ಟಿತ್ತು. ಆಕಸ್ಮಿಕ ಅಂತ ಬರೆದುಕೊಂಡರು.

ಶಿವಶಂಕರಪ್ಪನಿಗೆ ಈ ಸುದ್ದಿ ಗೊತ್ತಾದದ್ದು ಬೋಜಪ್ಪನಿಂದಲೇ. ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಬೋಜಪ್ಪ ಬಸ್ಸಿನಿಂದಿಳಿದು, ಗೊಬ್ಬರದ ಚೀಲವೊಂದನ್ನು ಹೆಗಲ ಮೇಲಿಟ್ಟುಕೊಂಡು ಅಂಗಡಿಗೆ ಬಂದ. ಬೆಂಚಿನ ಮೇಲೆ ಕೂತು, ಏನಾಯಿತೆಂದು ಹೇಳಿದ. ಹೇಳುವಾಗ ಅವನ ದನಿ ಎಲ್ಲೂ ಏರಲಿಲ್ಲ. ಆಮೇಲೆ ಚೀಲದಿಂದ ಪೈಪು ತೆಗೆದು ನೆಲದ ಮೇಲಿಟ್ಟ.

“ಬೆಸುಗೆ ಬಿಟ್ಟದ್ದಾ, ಪೈಪು ಹೋದದ್ದಾ ನೋಡಿ. ನನಗೆ ಅದೊಂದು ಗೊತ್ತಾಗ್ಬೇಕು” ಅಂದ.

ನಿರಂಜನ್ ಗ್ರೈಂಡರ್ ಆಫ್ ಮಾಡಿ ಬಂದು ನಿಂತ. ಶಿವಶಂಕರಪ್ಪ ಕುಕ್ಕರಗಾಲಲ್ಲಿ ಕೂತು ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದ. ತಾನು ಹಾಕಿದ ಬೆಸುಗೆ ಹಾಗೆಯೇ ಇತ್ತು. ಅದರಿಂದ ಒಂದು ಗೇಣು ಆಚೆ, ಪೈಪು ಬಗ್ಗಿ ನೀರು ನಿಲ್ಲುವ ಕಡೆ, ಕಬ್ಬಿಣ ಹಪ್ಪಳದಂತಾಗಿತ್ತು. ಹೆಬ್ಬೆರಳು ಒತ್ತಿದರೆ ಒಳಗೆ ಹೋಯಿತು.

“ಪೈಪೇ ಹೋಗಿದೆ” ಅಂದ. “ನಾನು ಅವತ್ತು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿತ್ತು ಬೋಜಪ್ಪಣ್ಣ.”

“ನೀವು ಹೇಳಿದ್ರಿ. ಅವಳೂ ಹೇಳಿದ್ಳು. ಒಂದು ಮಳೆಗಾಲ ಸಾಕು ಅಂದದ್ದು ನಾನು. ಆ ಮಳೆಗಾಲ ಮುಗಿದ ಮೇಲೆ ಮರೆತದ್ದೂ ನಾನು.”

ಚಹಾ ತರಿಸಿದರು. ಬೋಜಪ್ಪ ಕುಡಿಯಲಿಲ್ಲ. ಪೈಪನ್ನು ಅಲ್ಲೇ ಬಿಟ್ಟು ಖಾಲಿ ಚೀಲ ಮಡಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಅವನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಅಂತ ಶಿವಶಂಕರಪ್ಪ ಆ ದಿನ ಮನೆಯಲ್ಲಿ ಹೆಂಡತಿಗೆ ಹೇಳಿದ.

ಮಾರನೇ ವಾರ ಅಂಗಡಿಯಲ್ಲಿದ್ದ ಕಪ್ಪು ಪೈಪುಗಳನ್ನೆಲ್ಲ ಗೇಟು, ಕಿಟಕಿ ಮಾಡುವವನೊಬ್ಬನಿಗೆ ಕೊಟ್ಟುಬಿಟ್ಟ. ಇನ್ನು ಮುಂದೆ ಇಲ್ಲಿ ಸ್ಟೀಲ್ ಮಾತ್ರ ಅಂದ.

ನಿರಂಜನ್‌ಗೆ ಇದು ಹಿಡಿಸಲಿಲ್ಲ. “ಭಾವ, ಸ್ಟೀಲಿಗೆ ದುಡ್ಡು ಜಾಸ್ತಿ, ಎಲ್ರಿಗೂ ಹಾಕಿಸೋಕಾಗಲ್ಲ. ಇವತ್ತೋ ನಾಳೆಯೋ ಗುಜರಿಗೆ ಹೋಗೋ ಗಾಡಿಗೆ ಯಾರು ಹಾಕಿಸ್ತಾರೆ?” ಅಂದ.

“ಹಾಕಿಸ್ದಿದ್ರೆ ಬೇಡ. ನನ್ನ ಕೈಯಿಂದ ಕಪ್ಪು ಪೈಪು ಹೋಗೋದು ಬೇಡ.”

“ನಿಮ್ಮ ಕೈಯಿಂದ ಹೋಗಲ್ಲ, ಸರಿ. ಬೇರೆಯವ್ರ ಕೈಯಿಂದ ಹೋಗ್ತದೆ.”

ನಿರಂಜನ್ ಹೇಳಿದಂತೆಯೇ ಆಯಿತು. ಅಂಗಡಿಗೆ ಬಂದು, ಸ್ಟೀಲ್ ಮಾತ್ರ ಅಂತ ಕೇಳಿ, ತಿರುಗಿ ಹೋದವರು ಬಹಳ. ಅವರಲ್ಲಿ ಪೊನ್ನಂಪೇಟೆ ಕಡೆಯ ಒಬ್ಬ ಶಾಲಾ ವ್ಯಾನಿನವನಿದ್ದ, ಕುಶಾಲಪ್ಪ ಅಂತ. ಕೆಲವು ತಿಂಗಳ ನಂತರ ಅದೇ ವ್ಯಾನು ಬೇರೇನೋ ಕೆಲಸಕ್ಕೆ ಪಕ್ಕದ ಟೈರ್ ಅಂಗಡಿಗೆ ಬಂದಿತ್ತು. ಶಿವಶಂಕರಪ್ಪ ಬಗ್ಗಿ ನೋಡಿದ. ಅಡಿಯಲ್ಲಿ ನೀರಿನ ಪೈಪು. ಎಲ್ಲೋ ಗೇಟು ಮಾಡುವವನು ಹಾಕಿಕೊಟ್ಟದ್ದು. ಬೆಸುಗೆಯ ಸುತ್ತ ಸತು ಸುಟ್ಟು ಬಿಳಿಯ ಪುಡಿ, ಆಗಲೇ ಅದರೊಳಗೆ ಕೆಂಪು ತುಕ್ಕು. ಕಪ್ಪು ಪೈಪಾದರೂ ಇದಕ್ಕಿಂತ ಮೇಲಾಗಿತ್ತು.

ಕುಶಾಲಪ್ಪನನ್ನು ಕೈಹಿಡಿದು ತನ್ನ ಅಂಗಡಿಗೆ ಕರೆತಂದು, ಆ ದಿನವೇ ಅದನ್ನೆಲ್ಲ ಬಿಚ್ಚಿ ಸ್ಟೀಲ್ ಹಾಕಿದ. ಕೂಲಿ ಕೇಳಲಿಲ್ಲ. ಅಲ್ಲಿಂದ ಮುಂದೆ ಸ್ಟೀಲಿನ ಖರ್ಚು ಭರಿಸಲಾಗದವರಿಗೆಲ್ಲ ಹಾಗೆಯೇ ಮಾಡತೊಡಗಿದ. ಹಾಗಾಗಿ ಗಿರಾಕಿ ಹೆಚ್ಚಾದರು, ಕೆಲಸ ಹೆಚ್ಚಾಯಿತು. ಮಳೆ ಬಂದರೆ ಎರಚಲು ತಪ್ಪಿಸಲು ಷಟರನ್ನು ಅರ್ಧ ಇಳಿಸಿಕೊಂಡು ಹೊಂಡದೊಳಗೆ ಕೂತು ಸ್ಟೀಲಿನ ವೆಲ್ಡಿಂಗ್ ರಾಡ್ ಸುಡುತ್ತಿದ್ದ. ಹೊಗೆ ಹೊಂಡದಲ್ಲೇ ನಿಲ್ಲುತ್ತಿತ್ತು. ಮುಖಕ್ಕೆ ವೆಲ್ಡಿಂಗ್ ಗಾಜು ಇತ್ತು, ಮೂಗಿಗೆ ಒಂದು ಟವೆಲ್. ಮೂವತ್ತು ವರ್ಷದಿಂದ ಹಾಗೆಯೇ ಕೆಲಸ ಮಾಡಿದವನು.

ಮೊದಲು ಕೆಮ್ಮು. ಆಮೇಲೆ ಸಂಜೆಯಾದರೆ ಎದೆಯಲ್ಲಿ ಸಿಳ್ಳೆ. ಅಕ್ಕಿ ಮೂಟೆಯನ್ನು ಅಂಗಳದಿಂದ ಒಳಗೆ ತರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲಬೇಕಾಯಿತು. ಕಾಂತಮ್ಮ ಕಷಾಯ ಮಾಡಿ ಕೊಟ್ಟಳು. ಊರಿನ ಡಾಕ್ಟರು ಟಾನಿಕ್ ಕೊಟ್ಟರು. ಅಣ್ಣನ ಮಗಳ ಮದುವೆಗೆ ಅಂತ ಶನಿವಾರಸಂತೆಗೆ ಹೋಗಿ ಒಂದು ವಾರ ಇದ್ದಾಗ ಉಸಿರು ಹಗುರಾಯಿತು. ವಾಪಸ್ ಬಂದು ಹೊಂಡಕ್ಕಿಳಿದ ದಿನವೇ ಮತ್ತೆ ಕಟ್ಟಿಕೊಂಡಿತು.

ಮಗಳು ಭವ್ಯಶ್ರೀಯನ್ನು ಮೈಸೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳೇ ಬಂದು ಅಪ್ಪನನ್ನು ಅಲ್ಲಿನ ಎದೆಯ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಎಕ್ಸ್‌ರೇ ತೆಗೆಸಿದರು, ಕೊಳವೆಯೊಂದಕ್ಕೆ ಉಸಿರು ಊದಿಸಿದರು. ಏನು ಕೆಲಸ, ಯಾವ ಲೋಹ, ರಜೆಯಲ್ಲಿದ್ದಾಗ ಹೇಗಿರುತ್ತದೆ ಅಂತ ಸಮಾಧಾನವಾಗಿ ಕೇಳಿದರು.

“ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತೆ. ಕಾಯಿಸಿದಾಗ ಅದು ಹೊಗೆಯಲ್ಲಿ ಬರುತ್ತೆ. ನಿಮ್ಮ ಉಸಿರಿಗೆ ಅದು ಆಗ್ತಾ ಇಲ್ಲ. ಎಷ್ಟೋ ವರ್ಷದ ಹೊಗೆಯೂ ಒಳಗಿದೆ. ಆದರೆ ಈಗ ಕೆರಳಿಸ್ತಿರೋದು ಇದೇ ಅಂತ ಕಾಣುತ್ತೆ” ಅಂದರು.

ಶಿವಶಂಕರಪ್ಪ, “ತುಕ್ಕು ಹಿಡಿಯದ ಹಾಗೆ ಮಾಡೋದೂ ಅದೇ ಅಲ್ವಾ ಮೇಡಂ, ಕ್ರೋಮಿಯಂ?” ಅಂತ ಕೇಳಿದ.

“ಹೌದು, ಅದೇ.”

“ಕಪ್ಪು ಪೈಪಿನಲ್ಲಿ?”

“ಅದರ ಹೊಗೆಯೂ ಒಳ್ಳೇದಲ್ಲ. ಆದರೆ ಇಷ್ಟು ಕೆಟ್ಟದ್ದಲ್ಲ. ನಿಮ್ಮ ವಿಷಯದಲ್ಲಿ ಯಾವುದೂ ಬೇಡ. ವೆಲ್ಡಿಂಗ್ ಬಿಟ್ಟುಬಿಡಿ. ಹೋದದ್ದು ಪೂರ್ತಿ ವಾಪಸ್ ಬರಲ್ಲ, ಇರೋದನ್ನು ಉಳಿಸಿಕೊಳ್ಳಬೇಕು.”

ಮಗಳು ಅವನನ್ನು ಮನೆಗೆ ಬಿಡಲು ಜೊತೆಗೇ ಬಸ್ಸು ಹತ್ತಿದಳು. ಹುಣಸೂರು ದಾಟಿದ ಮೇಲೆ ಅವನು ಅವಳಿಗೆ, “ಹೊಂಡಕ್ಕೆ ಇನ್ನು ನಿರಂಜನ ಇಳೀಬೇಕು. ಅವನಿಗೆ ಎರಡು ಮಕ್ಕಳು” ಅಂದ.

ಮನೆಯಲ್ಲಿ ಕಾಂತಮ್ಮ ಎಲ್ಲ ಕೇಳಿಸಿಕೊಂಡಳು. ಒಲೆಯ ಮುಂದೆ ಕೂತಿದ್ದವಳು ಎದ್ದು ಬಂದು ಗಂಡನ ಎದುರು ನಿಂತಳು. ಅವಳು ಗಂಡನಿಗೆ ಎದುರು ಮಾತಾಡಿದ್ದು ಕಡಿಮೆ.

“ರೀ, ನೀವು ಆಯಮ್ಮ ಸತ್ತಿದ್ದಕ್ಕೆ ನಿಮ್ಮ ಎದೆ ಕೊಟ್ರಿ. ಅದು ನಿಮ್ಮಿಷ್ಟ. ನನ್ನ ತಮ್ಮನ್ನ ಕೊಡೋಕೆ ನಾನು ಬಿಡಲ್ಲ. ಕಪ್ಪು ಪೈಪು ತರಿಸಿ.”

“ತರಿಸಿದ್ರೆ ಇನ್ನೊಬ್ರು ಹಂಗೇ ಹೋಗ್ತಾರೆ ಕಾಂತಾ.”

“ಅವ್ರು ಯಾರೋ ನನಗೆ ಗೊತ್ತಿಲ್ಲ. ಇವನು ನಾನು ಎತ್ತಿ ಆಡಿಸಿದೋನು.”

ಅವಳು ಹೇಳಿದ್ದು ತಪ್ಪು ಅಂತ ಅವನಿಗೆ ಅನಿಸಲಿಲ್ಲ.

ಅವನು ಬೇರೆ ದಾರಿ ಹುಡುಕಿದ. ಮೈಸೂರಿನ ಪೈಪಿನ ಅಂಗಡಿಯವನು ಅಲ್ಯೂಮಿನಿಯಂ ಲೇಪದ ಕಬ್ಬಿಣದ ಪೈಪು ಇದೆ ಅಂದ. ಕಪ್ಪು ಪೈಪಿಗಿಂತ ಬಾಳಿಕೆ ಹೆಚ್ಚು, ಸ್ಟೀಲಿನ ಕೆಟ್ಟ ಹೊಗೆ ಇಲ್ಲ. ಆದರೆ ಬೆಸುಗೆ ಹಾಕಿದ ಜಾಗದಲ್ಲಿ ಲೇಪ ಸುಟ್ಟುಹೋಗಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಅದಕ್ಕೆ ಬೆಸುಗೆಯ ಬದಲು ಒಂದರೊಳಗೊಂದು ಪೈಪು ತೂರಿಸಿ ಕ್ಲಾಂಪ್ ಬಿಗಿಯುವ ಹಾಗೆ ಮಾಡಿದ. ಕೆಲವು ತಿಂಗಳು ಅದೇ ನಡೆಯಿತು. ಎಸ್ಟೇಟ್ ರಸ್ತೆಯ ಕುಲುಕಾಟಕ್ಕೆ ಕ್ಲಾಂಪು ಸಡಿಲವಾಗಿ ಗಾಡಿಗಳು ಗುಡುಗುತ್ತಾ ವಾಪಸ್ ಬಂದವು. ಡ್ರೈವರುಗಳು ಬೇಸತ್ತು, ಬೆಸುಗೆ ಹಾಕಿಕೊಡುವ ಬೇರೆ ಕಡೆಗೆ ಹೋದರು.

ಅಷ್ಟರಲ್ಲಿ ಶಿವಶಂಕರಪ್ಪನಿಗೆ ದಿನವೂ ಅಂಗಡಿಗೆ ಹೋಗಲು ಆಗುತ್ತಿರಲಿಲ್ಲ. ಎರಡು ಹೊತ್ತು ಇನ್‌ಹೇಲರಿನಿಂದ ಔಷಧಿ ಎಳೆದುಕೊಳ್ಳಬೇಕು, ಮೆಟ್ಟಿಲು ಹತ್ತಿದರೆ ಕೂರಬೇಕು. ಒಂದು ಮಧ್ಯಾಹ್ನ ಹೇಳದೆ ಕೇಳದೆ ಆಟೋ ಹತ್ತಿ ಅಂಗಡಿಗೆ ಹೋದ. ಹೊಂಡದ ಮೇಲೆ ಒಂದು ವ್ಯಾನು. ಅಡಿಯಲ್ಲಿ ನಿರಂಜನ್ ಬೆಸುಗೆ ಹಾಕುತ್ತಿದ್ದ. ಗೋಡೆಗೆ ಒರಗಿಸಿಟ್ಟದ್ದು ಕಪ್ಪು ಪೈಪು.

ನಿರಂಜನ್ ಭಾವನ ಚಪ್ಪಲಿ ಕಂಡು ಮೇಲೆ ಬಂದ. ಮುಖದ ಗಾಜು ಸರಿಸಿ, “ಹೇಳಬೇಕು ಅನ್ಕೊಂಡಿದ್ದೆ ಭಾವ” ಅಂದ.

“ಎಷ್ಟು ದಿನ ಆಯ್ತು?”

“ಶಿವರಾತ್ರಿಯಿಂದ.” ಅವನು ತಲೆ ತಗ್ಗಿಸಲಿಲ್ಲ. “ನಾನು ಸ್ಟೀಲ್ ಮಾಡಿದ್ರೆ ನಿಮ್ಮ ಹಂಗಾಗ್ತೀನಿ. ಮಾಡ್ದಿದ್ರೆ ಇವ್ರು ನೀರಿನ ಪೈಪು ಹಾಕಿಸ್ಕೊಳ್ತಾರೆ. ಕ್ಲಾಂಪು ಹಾಕಿದ್ರೆ ಬೈದು ಹೋಗ್ತಾರೆ. ನನಗೆ ಇದು ಬಿಟ್ರೆ ಬೇರೆ ಕಾಣಲಿಲ್ಲ. ಮಳೆಗಾಲಕ್ಕೆ ಮುಂಚೆ ಎಲ್ರಿಗೂ ಫೋನ್ ಮಾಡಿ ಕರೆಸಿ ಪೈಪು ತೂತಾಗಿದ್ಯಾ ನೋಡ್ತೀನಿ ಅಂತ ಇದ್ದೀನಿ.”

“ಬರ್ತಾರಾ?”

“ಕೆಲವ್ರು ಬರ್ತಾರೆ.”

ಶಿವಶಂಕರಪ್ಪ ಬೆಂಚಿನ ಮೇಲೆ ಕೂತ. ಉಸಿರು ಹಿಡಿತಕ್ಕೆ ಬರುವವರೆಗೆ ಕಾದ. ನಿರಂಜನ್ ಕೆಲಸ ನಿಲ್ಲಿಸಿ ಎದುರಿಗೇ ನಿಂತಿದ್ದ. ಕೊನೆಗೆ ಶಿವಶಂಕರಪ್ಪ, “ಷಟರ್ ಪೂರ್ತಿ ಎತ್ತು. ಆ ಫ್ಯಾನ್ ಹೊಂಡಕ್ಕೆ ತಿರುಗಿಸು” ಅಂದ.

ಫೋನ್ ಮಾಡಿದವರಲ್ಲಿ ಹೆಚ್ಚಿನವರು ಬರಲಿಲ್ಲ. ಅವರು ಬಾರದಿದ್ದರೆ ನಾವೇ ಹೋಗೋಣ ಅಂತ ಶಿವಶಂಕರಪ್ಪ ಹೊರಟ. ಮಳೆ ಹಿಡಿಯುವ ಮುಂಚೆ ವ್ಯಾನ್ ಸ್ಟ್ಯಾಂಡುಗಳಿಗೆ, ಸಂತೆಗಳಿಗೆ ಹೋಗಿ ಹಳೇ ಪೆಟ್ರೋಲ್ ಗಾಡಿಗಳನ್ನು ಕಂಡರೆ ಡ್ರೈವರನ್ನು ಕೇಳಿ ಪೈಪಿನ ಬಾಯಿಗೆ ಬಟ್ಟೆ ಒತ್ತಿ ಕಿವಿಗೊಡುತ್ತಿದ್ದ. ಕೆಲವರು ಒಪ್ಪಿದರು, ಕೆಲವರು ನಕ್ಕರು. ಎರಡು ಗಾಡಿ ನೋಡುವಷ್ಟರಲ್ಲಿ ಅವನಿಗೆ ಬಗ್ಗಲು ಆಗುತ್ತಿರಲಿಲ್ಲ. ಬಟ್ಟೆಯ ಸಂದಿನಿಂದ ಬರುವ ಹೊಗೆಗೇ ಕೆಮ್ಮು ಹಿಡಿಯುತ್ತಿತ್ತು. ಕಾಂತಮ್ಮ ಬೇಡ ಅಂದಳು. ಅವನು ಕೇಳಲಿಲ್ಲ.

ಅಮ್ಮತ್ತಿಗೆ ಹೋಗುವ ಮುಂಚೆ ಬೋಜಪ್ಪನಿಗೆ ಫೋನ್ ಮಾಡಿದ. ಅವರಿಬ್ಬರೂ ಪೈಪಿನ ಚೀಲ ತಂದ ದಿನದ ನಂತರ ಮಾತಾಡಿರಲಿಲ್ಲ. ಬೋಜಪ್ಪ ಬಸ್ ಸ್ಟಾಪಿನಲ್ಲಿ ಕೊಡೆ ಹಿಡಿದು ಕಾಯುತ್ತಿದ್ದ. ಶಿವಶಂಕರಪ್ಪ ಬಸ್ಸಿನಿಂದ ಇಳಿದು ಕಂಬಿ ಹಿಡಿದು ನಿಂತದ್ದನ್ನು ನೋಡಿ ಬೋಜಪ್ಪನಿಗೆ ಮೊದಲು ಗುರುತೇ ಹತ್ತಲಿಲ್ಲ.

“ಎಂತ ಆಯ್ತು ನಿಮಗೆ?”

ಶಿವಶಂಕರಪ್ಪ ಹೇಳಿದ. ಬೋಜಪ್ಪ ಕೇಳಿಸಿಕೊಂಡು, “ಅವಳು ಕೇಳಿದ್ದೂ ಅದೇ ಸ್ಟೀಲು” ಅಂದ. ಆಮೇಲೆ ಮಾತು ತಿರುಗಿಸಿ, “ನೀವು ಇಲ್ಲಿ ಕೂತ್ಕೊಳ್ಳಿ. ಹೇಗೆ ಮಾಡೋದು ಹೇಳಿ, ನಾನು ಮಾಡ್ತೇನೆ” ಅಂದ.

ಆ ದಿನ ಸಂತೆ. ಲೈನುಗಳಿಂದ ಆಳುಗಳನ್ನು ಕರೆತಂದ ಗಾಡಿಗಳು ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತಿದ್ದವು. ಶಿವಶಂಕರಪ್ಪ ಮುಚ್ಚಿದ ಅಂಗಡಿಯೊಂದರ ಜಗುಲಿಯಲ್ಲಿ ಕೂತ. ಬೋಜಪ್ಪ ಒಂದೊಂದೇ ಗಾಡಿಯ ಹಿಂದೆ ಮಂಡಿಯೂರಿ ಬಟ್ಟೆ ಒತ್ತಿದ. ಊರಿನವರಿಗೆಲ್ಲ ಅವನ ಹೆಂಡತಿಯ ವಿಷಯ ಗೊತ್ತಿದ್ದರಿಂದ ಯಾರೂ ಬೇಡ ಅನ್ನಲಿಲ್ಲ. ಒಂದು ವ್ಯಾನಿನಲ್ಲಿ ಸದ್ದು ಕೇಳಿತು. ಡ್ರೈವರ್ ಮಿಲನ್ ಅನ್ನುವ ಹುಡುಗ, ತಕ್ಷಣ ಅಲ್ಲೇ ಇದ್ದ ಗ್ಯಾರೇಜಿಗೆ ಒಯ್ದ. ಮತ್ತೊಂದರಲ್ಲಿ ಇನ್ನೂ ಜೋರಾಗಿ ಕೇಳಿತು. ಬೋಜಪ್ಪ ಅಂಗಾತ ಮಲಗಿ ಅಡಿಗೆ ಕೈ ಹಾಕಿ ನೋಡಿದ. ಬಿಸಿಗಾಳಿ ಕೈಗೆ ಬಡಿಯಿತು.

ಆ ಗಾಡಿಯ ಡ್ರೈವರ್ ಹೊರಗಿನವನು, ಹೊಸಬ. ಒಳಗೆ ಆಗಲೇ ಜನ ತುಂಬಿದ್ದರು, ಕಾಲಡಿಯಲ್ಲಿ ಅಕ್ಕಿ, ತರಕಾರಿ ಚೀಲಗಳು. “ಇವರನ್ನು ಬಿಟ್ಟು ಬಂದು ಮಾಡಿಸ್ತೀನಿ ಅಣ್ಣ” ಅಂದ.

“ಬಿಟ್ಟು ಬಂದು ಅಲ್ಲ ಮಾರಾಯ, ಈಗ ಮಾಡಿಸು. ಇವರು ಕಾಯ್ತಾರೆ.”

“ಕತ್ತಲಾಗ್ತದೆ. ಆನೆ ಓಡಾಡೋ ದಾರಿ.”

ಅದೂ ಸುಳ್ಳಲ್ಲ. ಬೋಜಪ್ಪ ಬಾಗಿಲಿನ ಹಿಡಿ ಹಿಡಿದು ನಿಂತ. ಒಳಗಿದ್ದವರು ಯಾಕೆ ಹೊರಡುವುದಿಲ್ಲ ಅಂತ ಗೊಣಗಿದರು. ಹನಿ ಬೀಳತೊಡಗಿತು. ಅವರು ಗಾಜುಗಳನ್ನು ಎಳೆದು ಮುಚ್ಚಿದರು. ಬೋಜಪ್ಪ ಗಾಜಿನ ಮೇಲೆ ಕೈಯಿಂದ ಬಡಿದು, ತೆಗೆದೇ ಇಟ್ಟುಕೊಳ್ಳಿ, ನೆನೆದರೂ ಪರವಾಗಿಲ್ಲ ಅಂತ ಕನ್ನಡದಲ್ಲಿ ಹೇಳಿದ, ಗೊತ್ತಿದ್ದಷ್ಟು ತಮಿಳಿನಲ್ಲಿ ಹೇಳಿದ. ಕಿಟಕಿಯ ಪಕ್ಕದ ಹೆಂಗಸೊಬ್ಬಳು ಏನೆಂದು ತಿಳಿಯದೆ ಗಾಜನ್ನು ನಾಲ್ಕು ಬೆರಳಿನಷ್ಟು ಸರಿಸಿದಳು. ಗಾಡಿ ಹೊರಟಿತು.

ಬೋಜಪ್ಪ ಡ್ರೈವರ್‌ನ ನಂಬರ್ ತೆಗೆದುಕೊಂಡಿದ್ದ. ಇಬ್ಬರೂ ಜಗುಲಿಯಲ್ಲೇ ಕೂತು ಕಾದರು. ಶಿವಶಂಕರಪ್ಪ ಔಷಧಿ ಎಳೆದುಕೊಂಡ. ಕುಶಾಲನಗರದ ಬಸ್ಸೊಂದು ಬಂದು ಹೋಯಿತು, ಅವನು ಹತ್ತಲಿಲ್ಲ. ಸಂತೆ ಖಾಲಿಯಾದ ಮೇಲೆ ಬೋಜಪ್ಪ ಫೋನ್ ಮಾಡಿದ. ಆ ಕಡೆಯಿಂದ ಡ್ರೈವರ್ ಮಾತಾಡಿದ.

“ಎಲ್ಲ ಇಳಿದು ಮನೆಗೆ ಹೋದ್ರು ಅಣ್ಣ. ಏನೂ ಆಗಲಿಲ್ಲ.”

“ನಾಳೆ ಮಾಡಿಸ್ತೀಯ?”

“ಮಾಡಿಸೋಣ, ನೋಡೋಣ. ಏನೂ ಆಗಲಿಲ್ಲವಲ್ಲ” ಅಂದು ಅವನು ಫೋನ್ ಇಟ್ಟ.